ಎಳೆಯರ ಟೆಸ್ಟ್ ದಾಖಲೆ: ಮೊದಲ ಶತಕದ ನಂತರವೇ ನಿಜವಾದ ಪರೀಕ್ಷೆ

ಬೆಂಗಳೂರು: ಯಲಹಂಕ ಉಪನಗರದ ಪಕ್ಕದ ಅಟ್ಟೂರಿನಲ್ಲಿ ಭಾನುವಾರ ಬೆಳಗಾದರೆ ಕ್ರಿಕೆಟ್ ಕಿಟ್ ಹೊತ್ತು ಅಭ್ಯಾಸಕ್ಕೆ ಹೊರಟ ಬಾಲಕರು ಕಣ್ಣಿಗೆ ಬೀಳುತ್ತಾರೆ. ಇಲ್ಲಿಂದ ವಿಮಾನ ನಿಲ್ದಾಣದ ಕಡೆಗೆ ಸಾಗಿದರೆ, ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟಿಸಿದ ಉತ್ಕೃಷ್ಟತಾ ಕೇಂದ್ರವಿದೆ. ಗುರಿ ಇಷ್ಟು ಸಮೀಪದಲ್ಲಿರುವಾಗ, 'ಅತಿ ಕಿರಿಯ ಶತಕವೀರ' ಎಂಬ ಸುದ್ದಿ ಓದಿದ ತಂದೆ ತಾಯಿ ಮಗನ ವಯಸ್ಸನ್ನು ಲೆಕ್ಕ ಹಾಕುವುದು ಸಹಜವೇ. ಆದರೆ ಎಳೆಯರ ದಾಖಲೆಗಳು ನಿಜವಾಗಿ ಏನನ್ನು ಅಳೆಯುತ್ತವೆ?

ಇಂತಹ ದಾಖಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ವಯಸ್ಸಿನ ದಾಖಲೆ. ಟೆಸ್ಟ್ ಶತಕ ಬಾರಿಸಿದ ಅತಿ ಕಿರಿಯ ಆಟಗಾರ ಬಾಂಗ್ಲಾದೇಶದ ಮೊಹಮ್ಮದ್ ಅಶ್ರಫುಲ್. 2001ರಲ್ಲಿ ಕೊಲಂಬೊದಲ್ಲಿ 114 ರನ್ ಗಳಿಸಿದಾಗ ಅವರ ವಯಸ್ಸು 17 ವರ್ಷ 61 ದಿನ. ಭಾರತದ ಮಟ್ಟಿಗೆ ಈ ದಾಖಲೆ 1990ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಅಜೇಯ 119 ರನ್ ಗಳಿಸಿದ ಸಚಿನ್ ತೆಂಡೂಲ್ಕರ್ ಅವರದು. ಆಗ ಅವರಿಗೂ 17 ವರ್ಷ. ಮುಂದೆ ಸಚಿನ್ 51 ಟೆಸ್ಟ್ ಶತಕಗಳನ್ನು ಬಾರಿಸಿದರೆ, ಅಶ್ರಫುಲ್ ಅವರ ಟೆಸ್ಟ್ ಬದುಕು 24ರ ಸರಾಸರಿಯಲ್ಲಿ ಮುಗಿಯಿತು. ಆರಂಭ ಒಂದೇ ಬಗೆಯದು, ಮುಂದಿನ ಹಾದಿ ಬೇರೆ ಬೇರೆ.

ಎರಡನೆಯದು ಅನುಭವದ ದಾಖಲೆ. ಇಲ್ಲಿ ಲೆಕ್ಕಕ್ಕೆ ಬರುವುದು ವಯಸ್ಸಲ್ಲ, ಆಡಿದ ಪಂದ್ಯ ಮತ್ತು ಇನಿಂಗ್ಸ್‌ಗಳ ಸಂಖ್ಯೆ. ಕನ್ನಡಿಗರ ಎರಡು ಮಹತ್ಸಾಧನೆಗಳು ಈ ಬಗೆಗೆ ಸೇರಿದವು.

ವಿಶ್ವನಾಥ್ ಮುರಿದ ಶಾಪ

ಭದ್ರಾವತಿಯ ಜಿ.ಆರ್. ವಿಶ್ವನಾಥ್ 1967ರಲ್ಲಿ ಮೈಸೂರು ತಂಡದ ಪರ ಆಂಧ್ರದ ವಿರುದ್ಧ ರಣಜಿ ಕ್ರಿಕೆಟ್‌ಗೆ ಕಾಲಿಟ್ಟ ಪಂದ್ಯದಲ್ಲೇ 230 ರನ್ ಬಾರಿಸಿದ್ದರು. 1969ರ ನವೆಂಬರ್‌ನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಚೊಚ್ಚಲ ಟೆಸ್ಟ್ ಆಡಿದಾಗ ಅವರಿಗೆ 20 ವರ್ಷ. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಗೆ ಔಟಾದ ಹುಡುಗನಿಗೆ ನಾಯಕ ಪಟೌಡಿ ಧೈರ್ಯ ತುಂಬಿದ್ದನ್ನು ವಿಶ್ವನಾಥ್ ಮುಂದೆ ಸ್ಮರಿಸಿಕೊಂಡಿದ್ದಾರೆ.

ಅದಕ್ಕೂ ಮೊದಲು ಲಾಲಾ ಅಮರನಾಥ್, ದೀಪಕ್ ಶೋಧನ್, ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್ ಮತ್ತು ಹನುಮಂತ್ ಸಿಂಗ್ ಭಾರತದ ಪರ ಚೊಚ್ಚಲ ಟೆಸ್ಟ್‌ನಲ್ಲೇ ಶತಕ ಗಳಿಸಿದ್ದರು. ಆ ಐವರಲ್ಲಿ ಒಬ್ಬರಿಗೂ ಮತ್ತೊಂದು ಟೆಸ್ಟ್ ಶತಕ ಒಲಿಯಲಿಲ್ಲ. ಈ 'ಶಾಪ'ವನ್ನು ಮುರಿದವರು ವಿಶ್ವನಾಥ್. ಆದರೆ ಅವರೂ ಎರಡನೆಯ ಶತಕಕ್ಕಾಗಿ ಮೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು. ಅದು ಬಂದದ್ದು 1973ರಲ್ಲಿ, ಮುಂಬೈಯಲ್ಲಿ ಇಂಗ್ಲೆಂಡ್ ವಿರುದ್ಧ. ತಂಡ ಅವರ ಮೇಲಿನ ನಂಬಿಕೆ ಕಳೆದುಕೊಳ್ಳಲಿಲ್ಲ. 91 ಟೆಸ್ಟ್, 6080 ರನ್, 14 ಶತಕಗಳು ಆ ನಂಬಿಕೆಯ ಫಲ.

303ರ ನಂತರ ಬೆಂಚು

ಕರುಣ್ ನಾಯರ್ ಅವರ ಕಥೆ ಬೇರೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅವರು ಅಜೇಯ 303 ರನ್ ಗಳಿಸಿದಾಗ ಅದು ಅವರ ಮೂರನೆಯ ಟೆಸ್ಟ್ ಇನಿಂಗ್ಸ್ ಮಾತ್ರ. ತ್ರಿಶತಕಕ್ಕೆ ಅಷ್ಟು ಕಡಿಮೆ ಇನಿಂಗ್ಸ್ ತೆಗೆದುಕೊಂಡವರು ಬೇರೆ ಯಾರೂ ಇಲ್ಲ. ಚೊಚ್ಚಲ ಶತಕವನ್ನೇ ತ್ರಿಶತಕವಾಗಿಸಿದವರು ಅವರಿಗಿಂತ ಮೊದಲು ಇಬ್ಬರೇ: ವೆಸ್ಟ್ ಇಂಡೀಸ್‌ನ ಗ್ಯಾರಿ ಸೋಬರ್ಸ್ ಮತ್ತು ಆಸ್ಟ್ರೇಲಿಯಾದ ಬಾಬ್ ಸಿಂಪ್ಸನ್. ಅದೇ ಇನಿಂಗ್ಸ್‌ನಲ್ಲಿ ಕರ್ನಾಟಕದ ಮತ್ತೊಬ್ಬ ಆಟಗಾರ ಕೆ.ಎಲ್. ರಾಹುಲ್ 199 ರನ್ ಗಳಿಸಿ ಔಟಾದರು. ಭಾರತ 7 ವಿಕೆಟ್‌ಗೆ 759 ರನ್ ಪೇರಿಸಿತು.

ಆದರೆ 2017ರ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ನಡೆದ ಮುಂದಿನ ಟೆಸ್ಟ್‌ನಲ್ಲೇ ಕರುಣ್ ಆಡುವ ಬಳಗದಲ್ಲಿ ಇರಲಿಲ್ಲ. ಗಾಯದಿಂದ ಚೇತರಿಸಿಕೊಂಡ ಅಜಿಂಕ್ಯ ರಹಾನೆ ಮರಳಿದ್ದರು. ರಹಾನೆ ಅವರ ಎರಡು ವರ್ಷಗಳ ದುಡಿಮೆಯನ್ನು ಒಂದೇ ಪಂದ್ಯ ಮರೆಸಲಾಗದು ಎಂಬುದು ನಾಯಕ ವಿರಾಟ್ ಕೊಹ್ಲಿ ಅವರ ನಿಲುವಾಗಿತ್ತು. ತರ್ಕಕ್ಕೆ ಒಪ್ಪುವ ಮಾತೇ. ಕರುಣ್ ಪಾಲಿಗೆ ಮಾತ್ರ ಕಠೋರ. ಬಳಿಕ ಆಸ್ಟ್ರೇಲಿಯಾ ವಿರುದ್ಧದ ಮೂರು ಟೆಸ್ಟ್‌ಗಳಲ್ಲಿ ಅವರು ವಿಫಲರಾದರು. 2018ರ ಇಂಗ್ಲೆಂಡ್ ಪ್ರವಾಸದ ತಂಡದಲ್ಲಿದ್ದರೂ ಮೈದಾನಕ್ಕಿಳಿಯುವ ಅವಕಾಶ ಸಿಗಲಿಲ್ಲ. ಮುಂದೆ ಕರ್ನಾಟಕ ತಂಡದಲ್ಲೂ ಸ್ಥಾನ ತಪ್ಪಿ ವಿದರ್ಭಕ್ಕೆ ತೆರಳಿದರು. ಅಲ್ಲಿ 2024-25ರ ಸಾಲಿನ ವಿಜಯ್ ಹಜಾರೆ ಟೂರ್ನಿಯಲ್ಲಿ 779 ರನ್ ಗಳಿಸಿದರು. ಅದೇ ಸಾಲಿನ ರಣಜಿ ಫೈನಲ್‌ನಲ್ಲಿ ಶತಕ ಬಾರಿಸಿ ತಂಡ ಪ್ರಶಸ್ತಿ ಗೆಲ್ಲಲು ನೆರವಾದರು.

ಎಂಟು ವರ್ಷಗಳ ಬಳಿಕ, 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಟೆಸ್ಟ್‌ಗೆ ಮರಳಿದ ಕರುಣ್ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಆ ಸರಣಿಯ ನಾಲ್ಕು ಪಂದ್ಯಗಳಲ್ಲಿ ಒಂದೇ ಅರ್ಧಶತಕ ದಕ್ಕಿತು. ಅಕ್ಟೋಬರ್‌ನ ವೆಸ್ಟ್ ಇಂಡೀಸ್ ಸರಣಿಗೆ ಆಯ್ಕೆಯಾಗಲಿಲ್ಲ. ಇಂಗ್ಲೆಂಡ್‌ನ ಅದೇ ಸರಣಿಯಲ್ಲಿ ರಾಹುಲ್ 532 ರನ್ ಗಳಿಸಿದ್ದರು.

ದಾಖಲೆ ಹೇಳದಿರುವುದು

ಇಷ್ಟರಿಂದ ಸ್ಪಷ್ಟವಾಗುವುದೇನು? ದಾಖಲೆಯೆಂಬುದು ಪ್ರತಿಭೆ, ಅವಕಾಶ ಮತ್ತು ಅನುಕೂಲಕರ ಪಿಚ್ ಒಂದೆಡೆ ಕೂಡಿಬಂದ ದಿನದ ಗುರುತು. ರಾಹುಲ್ ಗಾಯಗೊಂಡಿದ್ದರಿಂದ ಮೊಹಾಲಿಯಲ್ಲಿ ಕರುಣ್ ಅವರಿಗೆ ಟೆಸ್ಟ್ ಬಾಗಿಲು ತೆರೆಯಿತು. ರಹಾನೆ ಗುಣಮುಖರಾದಾಗ ಅದು ಮುಚ್ಚಿತು. ಸೋಲಿನ ದಿನಗಳಲ್ಲಿ ತಂಡ ಎಷ್ಟು ಕಾಯುತ್ತದೆ, ಎದುರಾಳಿ ದೌರ್ಬಲ್ಯ ಪತ್ತೆ ಮಾಡಿದ ಮೇಲೆ ಆಟಗಾರ ತನ್ನ ಆಟವನ್ನು ಹೇಗೆ ತಿದ್ದಿಕೊಳ್ಳುತ್ತಾನೆ ಎಂಬುದನ್ನು ದಾಖಲೆ ಪುಸ್ತಕ ಹೇಳುವುದಿಲ್ಲ.

ದಾಖಲೆ ಕೈತಪ್ಪಿದವರ ಉದಾಹರಣೆಯೂ ನಮ್ಮಲ್ಲೇ ಇದೆ. 1996ರಲ್ಲಿ ಲಾರ್ಡ್ಸ್‌ನ ಚೊಚ್ಚಲ ಟೆಸ್ಟ್‌ನಲ್ಲಿ ರಾಹುಲ್ ದ್ರಾವಿಡ್ 95ಕ್ಕೆ ಔಟಾದರು. ಚೊಚ್ಚಲ ಶತಕವೀರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆದರೆ 13,288 ಟೆಸ್ಟ್ ರನ್‌ಗಳ ಮತ್ತು 36 ಶತಕಗಳ ಮುಂದೆ ಆ ಐದು ರನ್‌ಗಳ ಕೊರತೆ ಯಾರನ್ನೂ ಕಾಡುವುದಿಲ್ಲ.

ಅಟ್ಟೂರಿನ ಬಾಲಕನಿಗೆ ಹದಿನೇಳು ತುಂಬಿದರೂ ಏನೂ ತಡವಾಗಿಲ್ಲ. ಮಗನನ್ನು ಅಭ್ಯಾಸಕ್ಕೆ ಕರೆದೊಯ್ಯುವ ಪೋಷಕರು ಸಚಿನ್ ಅವರ ವಯಸ್ಸಿನ ಜೊತೆಗೆ ವಿಶ್ವನಾಥ್ ಕಾದ ಆ ಮೂರು ವರ್ಷಗಳನ್ನೂ ನೆನಪಿಟ್ಟುಕೊಳ್ಳುವುದು ಒಳಿತು.