ಆವರಣ ಚಿಹ್ನೆಯ ಪೇಚು

'ಹಳೆಯ ಪುಸ್ತಕದ ಅಂಗಡಿ' ಎಂದಾಗ ಹಳೆಯದಾಗಿರುವುದು ಪುಸ್ತಕವೋ, ಅಂಗಡಿಯೋ? ಕೇಳುವವರು ಸಂದರ್ಭ ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಆ ಸೌಲಭ್ಯವಿಲ್ಲ. ಯಾವ ಪದ ಯಾವುದಕ್ಕೆ ಸೇರಬೇಕೆಂಬುದನ್ನು ಅದು ವ್ಯಾಕರಣದ ನಿಯಮದಿಂದಲೇ ತೀರ್ಮಾನಿಸುತ್ತದೆ. ಆ ನಿಯಮ ಬದಲಾದಾಗ ಪಳಗಿದವರೂ ಎಡವುತ್ತಾರೆ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದಕ್ಕೆ ಒಳ್ಳೆಯ ನಿದರ್ಶನ.

1987ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಈ ಭಾಷೆಯ ಕಲ್ಪನೆ ಮೊಳೆಯಿತು. 1990ರಲ್ಲಿ ಅದರ ಮೊದಲ ವಿವರಣೆ ಪ್ರಕಟವಾಯಿತು. ಹೆಸರು ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ (1900–1982) ಅವರದು. ಇದು 'ಫಂಕ್ಷನಲ್' ಗುಂಪಿನ ಭಾಷೆ. ಅಂದರೆ, ಇಲ್ಲಿ ಪ್ರೋಗ್ರಾಮ್ ಎಂಬುದು ಆಜ್ಞೆಗಳ ಪಟ್ಟಿಯಲ್ಲ. ಒಂದು ಬೆಲೆ ಪಡೆದು ಇನ್ನೊಂದನ್ನು ಕೊಡುವ ಗಣಿತದ ಫಂಕ್ಷನ್‌ಗಳ ಜೋಡಣೆ.

ಮೊದಲ ಪೇಚು ಆವರಣ ಚಿಹ್ನೆಯದು. ಸಿ, ಜಾವಾ ಭಾಷೆಗಳಲ್ಲಿ ಸಂಖ್ಯೆಯ ವರ್ಗ ಬೇಕಾದರೆ 'ವರ್ಗ(3)' ಎಂಬ ಮಾದರಿಯಲ್ಲಿ ಬರೆಯಬೇಕು. ಹ್ಯಾಸ್ಕೆಲ್‌ನಲ್ಲಿ 'ವರ್ಗ 3' ಎಂದರೆ ಸಾಕು. ಆವರಣ ಇರುವುದು ಗುಂಪುಗೂಡಿಸಲು ಮಾತ್ರ. ಫಂಕ್ಷನ್ ತನ್ನ ಪಕ್ಕದಲ್ಲಿರುವುದನ್ನು ಎಲ್ಲಕ್ಕಿಂತ ಮೊದಲು ಹಿಡಿದುಕೊಳ್ಳುತ್ತದೆ. ಆದ್ದರಿಂದ 'ವರ್ಗ 3 + 1' ಎಂದರೆ 16 ಅಲ್ಲ, 10. ಹದಿನಾರು ಬೇಕಿದ್ದವರು 'ವರ್ಗ (3 + 1)' ಎನ್ನಬೇಕು. 'ವರ್ಗ -3' ಎಂದು ಬರೆದರಂತೂ ವರ್ಗ ಎಂಬ ಫಂಕ್ಷನ್‌ನಿಂದಲೇ ಮೂರನ್ನು ಕಳೆಯಲು ಹೇಳಿದಂತಾಗುತ್ತದೆ!

ಎರಡು ಬೆಲೆ ಬೇಡುವ ಫಂಕ್ಷನ್‌ನದು ಇನ್ನೊಂದು ಕಥೆ. 'ದೊಡ್ಡದು 3 5' ಸರಿ. ಹಳೆಯ ಅಭ್ಯಾಸದ 'ದೊಡ್ಡದು(3, 5)' ತಪ್ಪು. ಅಲ್ಪವಿರಾಮ ಬಿದ್ದೊಡನೆ ಎರಡು ಸಂಖ್ಯೆಗಳು ಸೇರಿ ಒಂದೇ ಜೋಡಿಯಾಗುತ್ತವೆ. ಹ್ಯಾಸ್ಕೆಲ್ ಬೆಲೆಗಳನ್ನು ಒಂದೊಂದಾಗಿ ಸ್ವೀಕರಿಸುತ್ತದೆ. ಮೂರನ್ನು ಪಡೆದ 'ದೊಡ್ಡದು' ಮತ್ತೊಂದು ಸಂಖ್ಯೆಗಾಗಿ ಕಾಯುವ ಹೊಸ ಫಂಕ್ಷನ್ ಆಗುತ್ತದೆ. 1924ರಲ್ಲಿ ಮೋಸೆಸ್ ಶೋನ್‌ಫಿಂಕೆಲ್ ಪ್ರಕಟಿಸಿದ ಪ್ರಬಂಧದಲ್ಲಿದ್ದ ಈ ವಿಚಾರಕ್ಕೆ ಮುಂದೆ ಕರಿಯವರ ಹೆಸರೇ ಅಂಟಿಕೊಂಡಿತು.

ಸಾಲಿನ ಎಡಗಡೆಯ ಖಾಲಿ ಜಾಗಕ್ಕೂ ಇಲ್ಲಿ ಅರ್ಥವಿದೆ. ಹಿಂದಿನ ಸಾಲಿನ ನೇರಕ್ಕೆ ಬರೆದರೆ ಹೊಸ ವಾಕ್ಯ, ಬಲಕ್ಕೆ ಸರಿದರೆ ಹಳೆಯದರ ಮುಂದುವರಿಕೆ. 1966ರಲ್ಲಿ ಪೀಟರ್ ಲ್ಯಾಂಡಿನ್ ಇಂಥ ನಿಯಮಕ್ಕೆ ಫುಟ್‌ಬಾಲ್ ಆಟದ 'ಆಫ್‌ಸೈಡ್' ಎಂಬ ಹೆಸರಿಟ್ಟರು.

ಸಮಚಿಹ್ನೆಯೂ ಬೇರೆಯೇ. ಸಿ ಭಾಷೆಯಲ್ಲಿ 'ಕ = ಕ + 1' ಎಂದರೆ ಬೆಲೆ ಒಂದು ಹೆಚ್ಚುತ್ತದೆ. ಹ್ಯಾಸ್ಕೆಲ್‌ನಲ್ಲಿ ಅದು ಆಜ್ಞೆಯಲ್ಲ, ವ್ಯಾಖ್ಯೆ. ತನ್ನಿಂದಲೇ ತನ್ನನ್ನು ವಿವರಿಸಹೊರಟ 'ಕ'ಗೆ ಉತ್ತರ ಎಂದೂ ದೊರಕದು.

ಇಂಥ ತಪ್ಪಿಗೆ ಯಂತ್ರ ನೀಡುವ ದೂರು ಎಷ್ಟೋ ಸಲ ಬೇರೊಂದು ಸಾಲನ್ನು ತೋರಿಸುತ್ತದೆ. ಒಂದು ಆವರಣಕ್ಕಾಗಿ ಸಂಜೆಯೆಲ್ಲ ಹುಡುಕಿದ ವಿದ್ಯಾರ್ಥಿ, ಇದು ತನ್ನ ತಲೆಗೆ ಹತ್ತುವ ವಿದ್ಯೆಯಲ್ಲವೆಂದು ಪುಸ್ತಕ ಮುಚ್ಚಿಡಬಹುದು. ಕೊರತೆ ಬುದ್ಧಿಯದಲ್ಲ; ಹಳೆಯ ಭಾಷೆಯ ರೂಢಿಯನ್ನು ಹೊಸದಕ್ಕೆ ಹೊತ್ತು ತಂದದ್ದು, ಅಷ್ಟೇ. ಅರ್ಥವಾಗದ ಸಾಲಿಗೆ ಯಂತ್ರದ ನಿಯಮದಂತೆ ಕಾಗದದ ಮೇಲೆ ಆವರಣ ಹಾಕಿ ನೋಡಿದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುವುದುಂಟು. ಹಳೆಯದು ಪುಸ್ತಕವೋ ಅಂಗಡಿಯೋ ಎಂಬುದು ಆಗ ಸ್ಪಷ್ಟ.