ಜನವರಿ ಮಕ್ಕಳು, ಡಿಸೆಂಬರ್ ಮಕ್ಕಳು

ಹದಿನಾಲ್ಕರೊಳಗಿನವರ ಪಂದ್ಯಕ್ಕೆ ಸಾಲಾಗಿ ನಿಂತ ಹುಡುಗರನ್ನು ನೋಡಿ. ಒಬ್ಬನಿಗೆ ಮೀಸೆ ಚಿಗುರಿದೆ, ಪಕ್ಕದವನ ದನಿ ಇನ್ನೂ ಒಡೆದಿಲ್ಲ. ಇಬ್ಬರೂ ಹುಟ್ಟಿದ್ದು ಒಂದೇ ಇಸವಿಯಲ್ಲಿ.

ಇದಕ್ಕೆ ಕಾರಣ ಎರಡು. ಮೊದಲನೆಯದು ಹುಟ್ಟಿದ ತಿಂಗಳು. ಜನವರಿ 1ರಿಂದ ವಯಸ್ಸು ಎಣಿಸಿದರೆ, ಜನವರಿಯ ಮಗು ಡಿಸೆಂಬರಿನದಕ್ಕಿಂತ ಹೆಚ್ಚುಕಡಿಮೆ ಒಂದು ವರ್ಷ ದೊಡ್ಡದು. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ 1980ರ ದಶಕದಲ್ಲಿ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಎಣಿಸಿದರು. ವರ್ಷದ ಮೊದಲ ತಿಂಗಳುಗಳವರೇ ತುಂಬಿಕೊಂಡಿದ್ದರು. ನಿಜಕ್ಕೂ ಇದನ್ನು ಮೊದಲು ಕಂಡವರು ಅವರ ಹೆಂಡತಿ ಪೌಲಾ, ಪಂದ್ಯ ನೋಡಲು ಹೋಗಿ ಆಟಗಾರರ ಪಟ್ಟಿ ತಿರುವುತ್ತಿದ್ದಾಗ.

ಇದು ಜಾತಕದ ಮಾತಲ್ಲ. ಬೆಲ್ಜಿಯಂನ ಕಿರಿಯರ ಫುಟ್‌ಬಾಲಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಆಗಸ್ಟ್ 1ಕ್ಕೆ. ಆಯ್ಕೆಯಾದವರಲ್ಲಿ ಆಗಸ್ಟಿನಿಂದೀಚೆಗೆ ಹುಟ್ಟಿದವರೇ ಹೆಚ್ಚು. 1997ರಲ್ಲಿ ಆ ತಾರೀಕು ಜನವರಿ 1 ಆಯಿತು. ಆಮೇಲೆ ಜನವರಿಯಿಂದ ಮಾರ್ಚ್‌ವರೆಗಿನ ಮಕ್ಕಳು ಮುಂದೆ ಬಂದರು, ಆಗಸ್ಟಿನವರು ಹಿಂದೆ ಸರಿದರು. ಆಗಸ್ಟ್ ಮಕ್ಕಳ ಪ್ರತಿಭೆ ಒಂದು ಸುತ್ತೋಲೆಗೆ ಆವಿಯಾಯಿತೆ?

ನಮ್ಮಲ್ಲಂತೂ ತಾರೀಕೇ ಒಂದು ಕತೆ. ಹಿಂದಿನ ತಲೆಮಾರಿನ ಶಾಲಾ ದಾಖಲೆ ತೆಗೆದರೆ ಜೂನ್ 1ಕ್ಕೆ ಹುಟ್ಟಿದವರ ದಂಡೇ ಸಿಗುತ್ತದೆ, ಮೇಷ್ಟ್ರು ಬರೆದುಕೊಂಡ ದಿನ ಅದು. ಕ್ರಿಕೆಟ್ ಮಂಡಳಿ ಕಿರಿಯರ ಎಡ ಮಣಿಕಟ್ಟಿನ ಎಕ್ಸ್‌ರೇ ತೆಗೆಸುವುದು ವಯಸ್ಸಿನ ಸುಳ್ಳು ಹಿಡಿಯಲೆಂದೇ. ಆದರೆ ಎಕ್ಸ್‌ರೇ ತೋರಿಸುವುದು ಮೂಳೆ ಎಷ್ಟು ಬಲಿತಿದೆ ಎಂಬುದನ್ನು, ಹುಟ್ಟಿದ ದಿನವನ್ನಲ್ಲ. ಬೇಗ ಬಲಿತ ಪ್ರಾಮಾಣಿಕ ಹುಡುಗನೂ ಅಲ್ಲಿ ಸಿಕ್ಕಿಬೀಳಬಹುದು.

ಎರಡನೆಯ ಕಾರಣ ಇದೇ, ಬಲಿಯುವ ವೇಗ. ತಿಂಗಳಿಗೂ ಇದಕ್ಕೂ ನಂಟಿಲ್ಲ. ಡಿಸೆಂಬರಿನ ಹುಡುಗನೇ ಮೊದಲು ಬೆಳೆದುಬಿಡಬಹುದು. ಹುಡುಗಿಯರು ಸುಮಾರು 12ಕ್ಕೆ, ಹುಡುಗರು 14ಕ್ಕೆ ಎಲ್ಲಕ್ಕಿಂತ ಜೋರಾಗಿ ಎತ್ತರವಾಗುತ್ತಾರೆ. ಇದು ಸರಾಸರಿ ಅಷ್ಟೇ; ಒಂದೆರಡು ವರ್ಷ ಹಿಂದೆಮುಂದೆ ಆಗುವುದು ಸಹಜ. ಆ ದಿನಗಳಲ್ಲಿ ಮೂಳೆ ಮುಂದೋಡುತ್ತದೆ, ಸ್ನಾಯು ಆಮೇಲೆ ಬಂದು ಸೇರುತ್ತದೆ. ನಿನ್ನೆಯವರೆಗೆ ಚುರುಕಾಗಿದ್ದವನು ಕಾಲಿಗೆ ಕಾಲು ತೊಡರಿಸಿಕೊಳ್ಳುತ್ತಾನೆ. ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು. ಸೋಮಾರಿತನವೆಂದು ಗದರಿ ಇನ್ನೆರಡು ಸುತ್ತು ಓಡಿಸುವುದು ಆಗಲೇ, ಅಭ್ಯಾಸ ಕಡಿಮೆ ಮಾಡಬೇಕಾದ ಹೊತ್ತಿನಲ್ಲಿ.

ಬೇಗ ಬೆಳೆದವನಿಗೂ ಇದು ಬರೀ ಲಾಭವಲ್ಲ. ಮೈಬಲದಲ್ಲೇ ಗೆಲ್ಲುವವನು ಚೆಂಡಿನ ಹಿಡಿತ ಕಲಿಯುವ ಗೋಜಿಗೆ ಹೋಗುವುದಿಲ್ಲ. ಉಳಿದವರು ಬೆಳೆದು ಸಮನಾದ ದಿನ ಅವನ ಕೈ ಖಾಲಿ. ಸಣ್ಣ ಆಳಿಗೆ ಜಾಣತನ ಬಿಟ್ಟರೆ ಗತಿಯಿಲ್ಲ, ಆದರೆ ತಂಡದಲ್ಲಿ ಉಳಿದರೆ ತಾನೆ? ಇಂಗ್ಲೆಂಡಿನ ಫುಟ್‌ಬಾಲಿಗ ಜೇಮೀ ವಾರ್ಡಿಯನ್ನು ಹದಿನಾರರಲ್ಲಿ ಸಣ್ಣವನೆಂದು ಕ್ಲಬ್ಬು ಬಿಟ್ಟಿತು. ಕಾರ್ಖಾನೆಯಲ್ಲಿ ದುಡಿಯುತ್ತ ಕೆಳದರ್ಜೆಯ ಲೀಗುಗಳಲ್ಲಿ ಆಡಿದ ಆತ 2016ರಲ್ಲಿ ಲೆಸ್ಟರ್ ಸಿಟಿ ತಂಡದೊಂದಿಗೆ ಪ್ರೀಮಿಯರ್ ಲೀಗ್ ಗೆದ್ದರು. ಹಾಗೆ ಮರಳಿ ಬಂದವರ ಹೆಸರಷ್ಟೇ ನಮಗೆ ಗೊತ್ತಾಗುತ್ತದೆ.

ನಮ್ಮ ಕಬಡ್ಡಿ ಈ ತೊಡಕನ್ನು ತಕ್ಕಡಿಯಲ್ಲಿ ಬಿಡಿಸಿಕೊಂಡಿದೆ: ಕಿರಿಯರಿಗೆ ವಯಸ್ಸಿನ ಜೊತೆ ತೂಕದ ಮಿತಿಯೂ ಉಂಟು. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಆಗಾಗ ಮಕ್ಕಳನ್ನು ಇಸವಿಯಿಂದಲ್ಲ, ಬಲಿತ ಪ್ರಮಾಣದಿಂದ ಗುಂಪು ಮಾಡಿ ಆಡಿಸುತ್ತವೆ. ಬೆಲ್ಜಿಯಂ ತಡವಾಗಿ ಬೆಳೆಯುವವರಿಗೆಂದೇ ಬೇರೆ ರಾಷ್ಟ್ರೀಯ ಕಿರಿಯರ ತಂಡ ಕಟ್ಟಿತು.

ನೆದರ್‌ಲೆಂಡ್ಸಿನ ಪ್ರಯೋಗವೊಂದು ಇನ್ನೂ ಅಗ್ಗದ್ದು. ಆಯ್ಕೆಗಾರರ ಒಂದು ಗುಂಪಿಗೆ ಆಟಗಾರರ ಜನ್ಮದಿನಗಳ ಪಟ್ಟಿ ಕೊಟ್ಟರು. ಹಿರಿಯ ತಿಂಗಳ ಮಕ್ಕಳ ಕಡೆಗಿನ ಒಲವು ಹಾಗೇ ಉಳಿಯಿತು. ಇನ್ನೊಂದು ಗುಂಪಿಗೆ, ಅಂಗಿಯ ನಂಬರು ವಯಸ್ಸಿನ ಅನುಕ್ರಮದಲ್ಲಿದೆ ಎಂದು ಹೇಳಿದರು. ಕಣ್ಣು ಆಟದ ಮೇಲೆ, ನಂಬರು ಕಣ್ಣೆದುರಿಗೆ. ಆ ಒಲವು ಮಾಯವಾಯಿತು.