ನಲವತ್ತು ವರ್ಷದ ನಿಷೇಧ ತೆರವಾದ ದಿನ

2024ರ ಮೇ 1. ಅಮೆರಿಕದ ಷಾರ್ಲಟ್ ನಗರದಲ್ಲಿ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಮಹಾಧಿವೇಶನ. ಸಲಿಂಗಿಗಳು ಪಾದ್ರಿಗಳಾಗದಂತೆ 1984ರಿಂದ ತಡೆದಿದ್ದ ನಿಯಮವನ್ನು ಪ್ರತಿನಿಧಿಗಳು ಚರ್ಚೆಯೇ ಇಲ್ಲದೆ 692–51 ಮತಗಳಿಂದ ಕಿತ್ತುಹಾಕಿದರು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು, ಹಾಡಿದರು. ತಮ್ಮತನವನ್ನು ಮುಚ್ಚಿಟ್ಟುಕೊಂಡೇ ಸೇವೆ ಮಾಡಿದವರಿಗೆ ತಡವಾಗಿಯಾದರೂ ನ್ಯಾಯ ಸಿಕ್ಕಿತ್ತು.

ಇದೇ ಚರ್ಚಿನಲ್ಲಿ ಪಾದ್ರಿಗಳಾಗಲು ಹೆಂಗಸರ ದಾರಿಯೂ ಸಲೀಸಾಗಿರಲಿಲ್ಲ. ಮೆಥಡಿಸ್ಟರು ಅವರಿಗೆ ಪಾದ್ರಿಗಳಾಗುವ ಪೂರ್ಣ ಹಕ್ಕು ಕೊಟ್ಟದ್ದು 1956ರಲ್ಲಿ. ಮೊದಲ ಮಹಿಳಾ ಬಿಷಪ್ ಮಾರ್ಜೊರಿ ಮ್ಯಾಥ್ಯೂಸ್ ಆಯ್ಕೆಯಾದದ್ದು 1980ರಲ್ಲಿ.

ಸಲಿಂಗಿಗಳ ಕುರಿತ ವಿವಾದಕ್ಕೆ ಚರ್ಚು ದೊಡ್ಡ ಬೆಲೆಯನ್ನೇ ತೆತ್ತಿದೆ. 2019ರಿಂದ 2023ರೊಳಗೆ ಅಮೆರಿಕದ 7,000ಕ್ಕೂ ಹೆಚ್ಚು ಸ್ಥಳೀಯ ಚರ್ಚುಗಳು, ಅಂದರೆ ಸುಮಾರು ಕಾಲು ಭಾಗ, ಹೊರನಡೆದವು. ಮತದಾನದ ಬೆನ್ನಲ್ಲೇ ಐವರಿ ಕೋಸ್ಟಿನ ಚರ್ಚೂ ಬೇರೆಯಾಗಲು ನಿರ್ಧರಿಸಿತು. ಉಳಿದವರಲ್ಲೂ ಒಮ್ಮತವಿಲ್ಲ. ಹಾಗಾಗಿ ಸಲಿಂಗ ವಿವಾಹ ಮಾಡಿಸುವುದನ್ನು ಆಯಾ ಪಾದ್ರಿಯ ವಿವೇಚನೆಗೇ ಬಿಡಲಾಗಿದೆ. ಒಪ್ಪದವರನ್ನು ಯಾರೂ ಬಲವಂತ ಮಾಡುವಂತಿಲ್ಲ.